ಹಲಸಿನ ಕಾಲಿನ ಬೆಂಚು

ನಮ್ಮ ಬೋಳಾರದ ಮನೆಯ ಜಗಲಿಯಲ್ಲಿ ಒಂದು ಉದ್ದದ ಬೆಂಚು ಇದೆ. ಅದರ ಮೂರು ಕಾಲು ಬೋಗಿ ಮರದ್ದು, ಕಪ್ಪಗೆ ಮಿರುಗುತ್ತದೆ. ನಾಲ್ಕನೆಯದು ಹಲಸಿನದು, ಹಳದಿ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಪೋಸ್ಟ್ ಮಾಸ್ತರರ ಹೆಂಡತಿ ಅದರ ಮೇಲೆ ಕುಳಿತರು. ಕುಳಿತವರು ಬಗ್ಗಿ ನೋಡಿ, "ಇದೆಂತ ಟೀಚರೇ, ಒಂದು ಕಾಲಿಗೆ ಮಾತ್ರ ಜಾತಿ ಬೇರೆ?" ಎಂದರು.

"ಅದು ಮುರಿದಿತ್ತು."

"ಎಂತ ಬಿದ್ದು ಮುರಿದದ್ದು?"

"ಪಾದ್ರಿಗಳು," ಎಂದೆ.

ಅವರು ನಕ್ಕರು. ನಾನು ನಗದೆ ಇದ್ದುದನ್ನು ನೋಡಿ ಮೆಲ್ಲನೆ ಎದ್ದು ಮೆಟ್ಟಿಲಿನ ಮೇಲೆ ಹೋಗಿ ಕುಳಿತರು. ಪೂರ್ತಿ ಕಥೆ ಹೇಳಲು ಹೊರಟರೆ ಅವರ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು, ಹಾಗಾಗಿ ಸುಮ್ಮನಾದೆ. ನೀವು ಒಲೆ ಆರಿಸಿಯೇ ಓದಲು ಕುಳಿತಿದ್ದೀರಿ ಎಂದು ನಂಬಿ ನಿಮಗೆ ಹೇಳುತ್ತೇನೆ.

ಈ ಬೆಂಚು ಮೊದಲು ಇದ್ದದ್ದು ನಮ್ಮ ಚರ್ಚಿನಲ್ಲಿ, ಹಿಂದುಗಡೆಯ ಬಾಗಿಲಿನ ಪಕ್ಕ. ಅದಕ್ಕೆ ಹೆಸರಿರಲಿಲ್ಲ. ಸುಮ್ಮನೆ 'ಹಿಂದಿನ ಬೆಂಚು' ಎನ್ನುತ್ತಿದ್ದರು, ಆದರೆ ಹೇಳುವಾಗ ಸ್ವರ ತಗ್ಗಿಸುತ್ತಿದ್ದರು. ಸಭೆಯ ನಿಯಮ ಮೀರಿದವರನ್ನು ಅಲ್ಲಿ ಕೂರಿಸುತ್ತಿದ್ದರು. ಹಾಡಬಹುದು, ಪ್ರಸಂಗ ಕೇಳಬಹುದು. ಆದರೆ ಕರ್ತನ ರಾತ್ರಿ ಭೋಜನದ ರೊಟ್ಟಿ, ಬಟ್ಟಲು ಹೊರಗೆ ಬರುವ ಹೊತ್ತಿಗೆ ಆ ಬೆಂಚಿನವರು ಎದ್ದು ಅಂಗಳಕ್ಕೆ ಹೋಗಬೇಕು. ಅವರ ಪಶ್ಚಾತ್ತಾಪ ಹಣ್ಣಾಯಿತು ಎಂದು ಸಭೆಯ ಹಿರಿಯರಿಗೆ ಅನ್ನಿಸಿದ ಮೇಲೆ ಒಂದು ಭಾನುವಾರ ಹೆಸರು ಕರೆದು ಮುಂದಕ್ಕೆ ಕರೆತರುತ್ತಿದ್ದರು. ಈ ನಿಯಮ ಮಾಡಿದ ಬಿಳಿ ದೊರೆ ಪಾದ್ರಿಗಳು ಮೊದಲನೆಯ ಮಹಾಯುದ್ಧದ ಕಾಲಕ್ಕೇ ಊರು ಬಿಟ್ಟಿದ್ದರು. ನಿಯಮ ಮಾತ್ರ ಹಡಗು ಹತ್ತಲಿಲ್ಲ.

ಕಳ್ಳು ಕುಡಿದವನಿಗೆ ಹಿಂದಿನ ಬೆಂಚು. ಬಯಲಾಟ ನೋಡಲು ಹೋದವನಿಗೆ ಹಿಂದಿನ ಬೆಂಚು. ಭೂತದ ಕೋಲದಲ್ಲಿ ದೂರ ನಿಂತು ಬರೀ ತಾಸೆಯ ಸದ್ದು ಕೇಳಿದೆ ಎಂದವನಿಗೂ ಹಿಂದಿನ ಬೆಂಚೇ. ಆದರೆ ಚಾಡಿಗೆ, ಜಂಬಕ್ಕೆ, ಅತ್ತೆ ಸೊಸೆಯನ್ನು ಹುರಿದು ಮುಕ್ಕಿದ್ದಕ್ಕೆ ಅಲ್ಲಿ ಸ್ಥಳ ಇರಲಿಲ್ಲ. ಇದ್ದಿದ್ದರೆ ಮುಂದಿನ ಸಾಲುಗಳಲ್ಲಿ ಗುಬ್ಬಿ ಗೂಡು ಕಟ್ಟುತ್ತಿತ್ತು.

ನನ್ನ ಅಪ್ಪ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಶಾಲೆಗೆಂದು ನನ್ನನ್ನು ಇಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಮನೆಯಲ್ಲಿ ನಾವು ಮೂವರು: ಹನ್ನಮ್ಮಜ್ಜಿ, ಅವಳ ಮಗ ಎಲೀಷ ಮಾವ, ನಾನು. ಮಾವನಿಗೆ ಮದುವೆಯಾಗಿರಲಿಲ್ಲ, ತಲೆಯಲ್ಲಿ ಕೂದಲೂ ಇರಲಿಲ್ಲ. ಪ್ರವಾದಿ ಎಲೀಷನನ್ನು ಬೋಳ ಎಂದು ಅಣಕಿಸಿದ ಮಕ್ಕಳನ್ನು ಕರಡಿಗಳು ಬಂದು ಸೀಳಿದ ಕಥೆ ಭಾನುವಾರದ ಶಾಲೆಯಿಂದ ನಮಗೆಲ್ಲ ಗೊತ್ತಿತ್ತು. ಹಾಗಾಗಿ ಊರಿನ ಯಾವ ಮಗುವೂ ಮಾವನ ತಲೆಯ ಸುದ್ದಿಗೆ ಹೋಗುತ್ತಿರಲಿಲ್ಲ. ಬೋಳಾರದಲ್ಲಿ ಕರಡಿ ಎಲ್ಲಿಂದ ಬರುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಮಾವ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಹೊಳೆಯಾಚೆಯ ಗದ್ದೆಗಳಿಂದ ಓಡದಲ್ಲಿ ಬರುವ ಆವೆಮಣ್ಣನ್ನು ನೋಡಿ ಒಪ್ಪುವುದು ಅವನ ಕೆಲಸ. ಒಳ್ಳೆಯವನು. ಚರ್ಚಿನಲ್ಲಿ ದಪ್ಪ ಸ್ವರದಲ್ಲಿ ಹಾಡುತ್ತಿದ್ದ. ಅವನಿಗಿದ್ದ ಒಂದೇ ದೌರ್ಬಲ್ಯ ನಮ್ಮ ಹುಂಜ. ಅದಕ್ಕೆ ಅಜ್ಜಿ ಫರೋಹ ಎಂದು ಹೆಸರಿಟ್ಟಿದ್ದಳು, ಏಕೆಂದರೆ ಸತ್ಯವೇದದ ಆ ಮೊಂಡ ಅರಸನ ಹಾಗೆ, ಎಷ್ಟು ಹೇಳಿದರೂ ಅದರ ಹೃದಯ ಮೆತ್ತಗಾಗುತ್ತಿರಲಿಲ್ಲ. ಸಂಜೆಯ ಕುಟುಂಬ ಪ್ರಾರ್ಥನೆಯ ನಡುವೆ, ಸರಿಯಾಗಿ 'ಆಮೆನ್' ಹೇಳುವ ಮೊದಲು, ಅದು ರೆಕ್ಕೆ ಬಡಿದು ಕೂಗುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಮಾವ ಹೊಳೆಯಾಚೆ ಮಣ್ಣು ನೋಡಿ ಬರುತ್ತೇನೆ ಎಂದು ಹೊರಟ. ಮಣ್ಣು ನೋಡಲು ಹೋಗುವವನ ಕಂಕುಳಲ್ಲಿ ಫರೋಹ ಏಕೆ ಎಂದು ಅಜ್ಜಿ ಕೇಳಲಿಲ್ಲ. ಹೊಳೆಯಾಚೆ ಹಿಂದಿನ ದಿನ ಕೋಲ ಆಗಿತ್ತು, ಕೋಲದ ಮರುದಿನ ಗದ್ದೆಯಲ್ಲಿ ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕ ಇರುತ್ತದೆ ಎಂಬುದು ಮಂಗಳೂರಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಮಧ್ಯಾಹ್ನದೊಳಗೆ ಮಾವ ಮರಳಿದ. ಒಂದು ಕಂಕುಳಲ್ಲಿ ಫರೋಹ, ಇನ್ನೊಂದು ಕೈಯಲ್ಲಿ ಸತ್ತ ದೊಡ್ಡ ಹುಂಜ. ಅಂಕದಲ್ಲಿ ಸೋತ ಕೋಳಿ ಗೆದ್ದವನಿಗೆ ಸೇರುತ್ತದೆ.

"ಅಮ್ಮ, ದಾರಿಯಲ್ಲಿ ಒಂದು ಕೋಳಿ ಸಿಕ್ಕಿತು," ಎಂದ.

ಅಜ್ಜಿ ಕೋಳಿಯನ್ನು ತಿರುಗಿಸಿ ನೋಡಿದಳು. ಎದೆಯಲ್ಲಿ ಕತ್ತಿಯ ಗಾಯ ಇತ್ತು. ಅಂಕದ ಕೋಳಿಗಳ ಕಾಲಿಗೆ ಕಟ್ಟುವ ಸಣ್ಣ ಕತ್ತಿಯ ಗಾಯ. "ಸಿಕ್ಕಿದ್ದು ಒಳ್ಳೆಯದಾಯ್ತು," ಎಂದಳು, "ಇವತ್ತು ಸಂಜೆ ಮನೆಕೂಟ ಉಂಟಲ್ಲ."

ಮನೆಕೂಟ ಎಂದರೆ ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸಂಜೆ ಸೇರಿ ಹಾಡಿ, ಪ್ರಾರ್ಥಿಸಿ, ಊಟ ಮಾಡುವುದು. ಅವತ್ತು ಪಾದ್ರಿ ಅಯ್ಯನವರು ಬಂದರು. ಸಭೆಯ ಹಿರಿಯರಲ್ಲಿ ನೇಯ್ಗೆಯ ಜಕರೀಯ ಬಂದರು, ಅಬ್ರಹಾಮ ಮೇಸ್ಟ್ರು ಬಂದರು, ನೆರೆಕರೆಯವರೂ ಬಂದರು. ಅಬ್ರಹಾಮ ಮೇಸ್ಟ್ರು ಶಾಲೆಯಲ್ಲಿ ಹೆಡ್‌ಮಾಸ್ಟರ್, ಸಭೆಯಲ್ಲೂ ಅದೇ. ಕಪ್ಪು ಕೋಟು, ಕೈಯಲ್ಲಿ ಕೊಡೆ. ಬೇಸಗೆಯಲ್ಲೂ ಕೊಡೆ, ಏಕೆಂದರೆ ತೋರಿಸಿ ಮಾತಾಡಲು ಅವರಿಗೆ ಏನಾದರೂ ಬೇಕು. ಅಂದು ಅವರು ಕೊಟ್ಟ ಬೋಧನೆ ಕೋಳಿ ಅಂಕದ ಕೆಡುಕಿನ ಬಗ್ಗೆ. ಮಾವ ತಲೆ ತಗ್ಗಿಸಿ ಕೇಳಿದ. ಆಮೇಲೆ ಎಲ್ಲರೂ ಸಾಲಾಗಿ ಕುಳಿತು ರೊಟ್ಟಿಯ ಮೇಲೆ ಕೋಳಿ ಸಾರು ಸುರಿಸಿಕೊಂಡು ಉಂಡರು. ಬಡಿಸಿದ್ದು ಮಾವನೇ. ಹನ್ನಮ್ಮನ ಕೈಗುಣ ಎಂದು ಎಲ್ಲರೂ ಬಾಯಿ ಚಪ್ಪರಿಸಿದರು.

ಮರುದಿನ ಆರಾಧನೆ ಮುಗಿದು ನಾವೆಲ್ಲ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದೆವು. ರಸ್ತೆಯಲ್ಲಿ ಓಡದ ಸಂಕಪ್ಪ ಹೋಗುತ್ತಿದ್ದ. ಸೋತ ಹುಂಜದ ಯಜಮಾನ. ಅವನಿಗೆ ಸೋತ ಬೇಸರವೂ ಇಲ್ಲ, ಗುಟ್ಟೆಂಬ ಕಲ್ಪನೆಯೂ ಇಲ್ಲ. ಮಾವನನ್ನು ಕಂಡು ಅಲ್ಲಿಂದಲೇ ತುಳುವಿನಲ್ಲಿ ಕೂಗಿದ: "ಎಂತ ಎಲೀಷಣ್ಣ, ನನ್ನ ಕೋಳಿ ರುಚಿ ಇತ್ತಾ?"

ಮೆಟ್ಟಿಲಿನ ಮೇಲಿದ್ದವರೆಲ್ಲ ನಿಂತರು. ರುಚಿ ಇತ್ತು ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿತ್ತು.

ಆ ಸಂಜೆಯೇ ಚರ್ಚಿನ ಪಕ್ಕದ ಕೋಣೆಯಲ್ಲಿ ವಿಚಾರಣೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಕಿಟಕಿಯ ಹೊರಗೆ, ಗಾಳಿ ಸೇವಿಸುವವಳ ಹಾಗೆ ನಿಂತಳು. ಪಾದ್ರಿ ಅಯ್ಯನವರು ಮೆತ್ತಗಿನ ಮನುಷ್ಯ. "ಏನೂ ಮುಚ್ಚಿಡಬೇಡ ಎಲೀಷ. ದೇವರಿಗೆ ಹೇಗೂ ಗೊತ್ತುಂಟು, ನಮಗೆ ಹೇಳು," ಎಂದರು.

ಮಾವ ಏನೂ ಮುಚ್ಚಿಡಲಿಲ್ಲ. ಓಡ ಹತ್ತಿದ್ದರಿಂದ ಶುರು ಮಾಡಿದ. ಗದ್ದೆ, ಜನ, ಕತ್ತಿ ಕಟ್ಟಿದ್ದು, ಫರೋಹ ಮೊದಲು ಹಿಂದೆ ಸರಿದದ್ದು. ಸಂಕಪ್ಪನ ಹುಂಜ ಮೇಲೆ ಹಾರಿದ್ದು. ಹೇಳುತ್ತ ಹೇಳುತ್ತ ಮಾವನ ಸ್ವರ ಏರಿತು, ಎರಡು ಕೈಯೂ ರೆಕ್ಕೆಯಾದವು. "ಫರೋಹ ಬಗ್ಗಿದ ಅಯ್ಯನವರೇ, ಬಗ್ಗಿ ಅಡಿಯಿಂದ..."

"ಅಡಿಯಿಂದ? ಮತ್ತೆ?" ಎಂದರು ಜಕರೀಯ, ಕುರ್ಚಿಯ ತುದಿಗೆ ಬಂದು.

ಅಬ್ರಹಾಮ ಮೇಸ್ಟ್ರು ಕೊಡೆಯನ್ನು ನೆಲಕ್ಕೆ ಕುಟ್ಟಿದರು. "ಇದು ಪಶ್ಚಾತ್ತಾಪವೋ ಬಯಲಾಟವೋ? ಆ ಹೊಲಸು ಮಾಂಸ ಏನು ಮಾಡಿದೆ, ಅದು ಹೇಳು."

ಮಾವನ ರೆಕ್ಕೆ ಇಳಿಯಿತು. "ನಿನ್ನೆ ಊಟಕ್ಕೆ ಇತ್ತಲ್ಲ ಮೇಸ್ಟ್ರೇ, ಅದೇ."

ಪಾದ್ರಿಗಳು ಕಿಟಕಿಯ ಕಡೆ ತಿರುಗಿದರು, ನಮ್ಮನ್ನು ಕಂಡು ಬೇರೆ ಕಡೆ ತಿರುಗಿದರು. ಮೊದಲು ಬಾಯಿ ಬಿಟ್ಟದ್ದು ಮೇಸ್ಟ್ರು. "ನಾನು ತುಂಡು ಮುಟ್ಟಿಲ್ಲ. ನಾನು ಹಾಕಿಸಿಕೊಂಡದ್ದು ಬರೀ ಸಾರು."

ಮಾವ ಏನೋ ಹೇಳಲು ಬಾಯಿ ತೆರೆದವನು ಮೇಸ್ಟ್ರ ಮುಖ ನೋಡಿ ಮುಚ್ಚಿಕೊಂಡ. ಜಕರೀಯ ಕೆಮ್ಮಿ, "ನಾನೂ ಹೆಚ್ಚು ಕಡಿಮೆ ಸಾರೇ," ಎಂದರು.

ತೀರ್ಪಾಯಿತು. ಅಂಕಕ್ಕೆ ಹೋದದ್ದು ಒಂದು ತಪ್ಪು, ಅದು ಮೂರು ತಿಂಗಳಲ್ಲಿ ತೀರುವಂಥದ್ದು. ಹಿರಿಯರ ಬಾಯಿಗೆ ಆ ಮಾಂಸ ಹೋಯಿತೆಂದು ಹೇಳಿದ್ದು ದೊಡ್ಡ ತಪ್ಪು, ಅದಕ್ಕೆ ಅವಧಿ ಇಲ್ಲ. ಎಲೀಷ ಹಿಂದಿನ ಬೆಂಚಿಗೆ.

ಹೀಗೆ ನಮ್ಮ ಮಾವ ಬಾಗಿಲ ಪಕ್ಕ ಕುಳಿತ. ಅಜ್ಜಿ ಹೆಂಗಸರ ಸಾಲಿನಲ್ಲಿ ಮುಂದೆ, ಅವಳ ಪಕ್ಕ ನಾನು. ಅಜ್ಜಿಯ ಭಾನುವಾರದ ಸೀರೆಗೆ ಪೆಟ್ಟಿಗೆಯೊಳಗಿನ ನುಸಿಗುಳಿಗೆಯ ವಾಸನೆ. ನನಗೆ ಇಂದಿಗೂ ಪರಲೋಕ ಎಂದರೆ ಆ ವಾಸನೆಯೇ ನೆನಪಾಗುವುದು. ಹಾಡು ಶುರುವಾದರೆ ಹಿಂದಿನಿಂದ ಮಾವನ ದಪ್ಪ ಸ್ವರ ಬರುತ್ತಿತ್ತು. ಹಾಡುವ ಗುಂಪಿನಿಂದಲೂ ಅವನನ್ನು ತೆಗೆದಿದ್ದರು. ಆಮೇಲೆ ಮುಂದಿನ ಗುಂಪು ಅಡಿಪಾಯ ಇಲ್ಲದ ಮನೆಯಂತೆ ಅಲುಗಾಡುತ್ತ ಹಾಡುತ್ತಿತ್ತು.

ರಾತ್ರಿ ಭೋಜನದ ಭಾನುವಾರ ಬಂದಾಗ ಮಾವ ಎದ್ದು ಅಂಗಳಕ್ಕೆ ಹೋದ. ರೊಟ್ಟಿಯ ತಟ್ಟೆ ಅಜ್ಜಿಯ ಹತ್ತಿರ ಬಂತು. ಅಜ್ಜಿ ಕೈ ಚಾಚಲಿಲ್ಲ. ಮನೆಗೆ ಬರುವಾಗ ಮಾವ ಬೈದ. "ನಿನಗೆಂತ ಆಗಿದೆ ಅಮ್ಮ? ನಿನ್ನನ್ನು ಯಾರು ಹೊರಗೆ ಹಾಕಿದ್ದು?"

"ಮಗ ಅಂಗಳದಲ್ಲಿ ನಿಂತಿರುವಾಗ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಮಾರಾಯ," ಎಂದಳು ಅಜ್ಜಿ. "ನೀನು ಒಳಗೆ ಬಂದ ದಿನ ಇಬ್ಬರೂ ತೆಗೆದುಕೊಳ್ಳುವ."

ಹಿರಿಯರು ಆಗಾಗ ಮಾವನನ್ನು ಕರೆದು, ಹಲಸಿನಕಾಯಿಗೆ ಬಡಿದು ನೋಡುವ ಹಾಗೆ, ಪಶ್ಚಾತ್ತಾಪ ಹಣ್ಣಾಗಿದೆಯೋ ಎಂದು ಬಡಿದು ನೋಡುತ್ತಿದ್ದರು. ಮಾವ ಮುಖ ಸಪ್ಪೆ ಮಾಡಿದರೆ, ನಟನೆ ಎನ್ನುತ್ತಿದ್ದರು. ನಗುತ್ತ ಹೋದರೆ, ಹೃದಯ ಕಠಿಣವಾಗಿದೆ ಎನ್ನುತ್ತಿದ್ದರು. ತಪ್ಪಿಹೋದ ಕುರಿಯನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದ ಕುರುಬನ ಕಥೆ ಸತ್ಯವೇದದಲ್ಲಿದೆ. ನಮ್ಮ ಹಿರಿಯರ ಕೈಗೆ ಸಿಕ್ಕಿದ್ದರೆ ಆ ಕುರಿ ಮಳೆಗಾಲ ಮುಗಿಯುವವರೆಗೆ ಹಟ್ಟಿಯ ಹೊರಗೆ ನಿಂತು ತನ್ನ ತಪ್ಪಿನ ಬಗ್ಗೆ ಯೋಚಿಸಬೇಕಿತ್ತು. ಹಂದಿಗಳ ನಡುವಿನಿಂದ ಎದ್ದು ಬಂದ ಮಗನ ಕಡೆಗೆ ಅಪ್ಪ ಓಡಿದನಂತೆ. ಅಬ್ರಹಾಮ ಮೇಸ್ಟ್ರು ಆ ಮನೆಯಲ್ಲಿದ್ದಿದ್ದರೆ ಮುದುಕನ ತೋಳು ಹಿಡಿದು, "ತಡೆಯಿರಿ, ಮೊದಲು ಕಮಿಟಿ ಕೂರಲಿ," ಎನ್ನುತ್ತಿದ್ದರು. ಮಗ ಬಂದ ಸಂತೋಷಕ್ಕೆ ಕೊಯ್ಯಬೇಕಿದ್ದ ಕೊಬ್ಬಿದ ಕರು ಅಷ್ಟರಲ್ಲಿ ಮುದಿ ಎತ್ತಾಗುತ್ತಿತ್ತು.

ಹೀಗೆ ಒಂದು ವರ್ಷವೇ ಆಗುತ್ತ ಬಂತು. ಅಜ್ಜಿಗೆ ಕೆಮ್ಮು ಹಿಡಿಯಿತು. ಡಾಕ್ಟರರು ಎದೆಗೆ ಕೊಳವೆ ಇಟ್ಟು ನೋಡಿ, ಮಾವನನ್ನು ಜಗಲಿಗೆ ಕರೆದು ಏನೋ ಹೇಳಿದರು. ಅಂದಿನಿಂದ ಮಾವ ಫರೋಹನನ್ನು ಎತ್ತಿ ಆಡಿಸುವುದನ್ನೂ ಬಿಟ್ಟ. ಈ ಶುಭ ಶುಕ್ರವಾರಕ್ಕಾದರೂ ತನ್ನನ್ನು ಒಳಗೆ ತೆಗೆದುಕೊಳ್ಳದಿದ್ದರೆ ಅಮ್ಮ ರಾತ್ರಿ ಭೋಜನವಿಲ್ಲದೆಯೇ ಹೋಗಿಬಿಡುತ್ತಾಳೆ ಎಂಬುದು ಅವನಿಗೆ ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು, ನಾನು ಬಾಗಿಲ ಹಿಂದೆ ಇದ್ದೆ.

ಮಾವ ತಾನಾಗಿಯೇ ಅಬ್ರಹಾಮ ಮೇಸ್ಟ್ರ ಮನೆಗೆ ಹೊರಟ. ಅಜ್ಜಿಗೆ ಸುದ್ದಿ ಮುಟ್ಟಿಸಲು ನಾನೂ ಹಿಂದೆ ಹೋದೆ. ಮೇಸ್ಟ್ರು ಕಲ್ಲೇನೂ ಅಲ್ಲ. ಅಜ್ಜಿಯ ಕಾಯಿಲೆ ಕೇಳಿ ಅವರ ಮುಖವೂ ಸಣ್ಣದಾಯಿತು. "ನೋಡು ಎಲೀಷ, ಸುಲಭ ಉಂಟು. ಹಿರಿಯರಿಗೆ ಆ ಮಾಂಸ ಬಡಿಸಲಿಲ್ಲ, ಬಾಯಿ ತಪ್ಪಿ ಹೇಳಿದೆ ಅಂತ ಸಭೆಯ ಮುಂದೆ ಒಂದು ಮಾತು ಹೇಳು. ಶುಕ್ರವಾರ ನಾನೇ ನಿನ್ನನ್ನು ಕೈ ಹಿಡಿದು ಮುಂದೆ ಕರ್ಕೊಂಡು ಹೋಗ್ತೇನೆ."

ಒಂದೇ ಒಂದು ಸುಳ್ಳು, ಅಷ್ಟೇ. ನಾನಾಗಿದ್ದರೆ ಎರಡು ಹೇಳುತ್ತಿದ್ದೆ.

"ಸುಳ್ಳು ಹೇಳಿ ಕ್ಷಮೆ ತೆಗೆದುಕೊಂಡರೆ, ಆ ಸುಳ್ಳಿಗೆ ಕ್ಷಮೆ ಕೇಳಲು ನಾನು ಮತ್ತೆ ಎಲ್ಲಿಗೆ ಹೋಗುವುದು ಮೇಸ್ಟ್ರೇ?" ಎಂದ ಮಾವ. "ನಿಮಗೆ ಬೇಡದ ಮಾತು ನಾನು ಹೇಳುವುದೂ ಇಲ್ಲ. ಬೆಂಚು ಉಂಟಲ್ಲ, ಕೂತ್ಕೊಳ್ತೇನೆ."

ಶುಭ ಶುಕ್ರವಾರ ಬಂತು. ಅಜ್ಜಿ ನುಸಿಗುಳಿಗೆಯ ಸೀರೆ ಉಟ್ಟು, ನನ್ನ ಹೆಗಲ ಮೇಲೆ ಕೈಯಿಟ್ಟು, ದಾರಿಯಲ್ಲಿ ನಿಂತು ನಿಂತು ಬಂದಳು. ಪಾದ್ರಿಗಳ ಪ್ರಸಂಗ ಪೇತ್ರನ ಬಗ್ಗೆ. ಆ ಕಥೆಯನ್ನು ಕೋಳಿ ಇಲ್ಲದೆ ಹೇಳುವ ಹಾಗಿಲ್ಲ. ಕೋಳಿ ಕೂಗುವ ಮೊದಲು ಪೇತ್ರನು ಮೂರು ಸಲ ತನ್ನ ಗುರುವನ್ನು ಅರಿಯೆನೆಂದ. ಪಾದ್ರಿಗಳು 'ಕೋಳಿ' ಎಂದಾಗಲೆಲ್ಲ ಸಾಲುಗಳಲ್ಲಿ ಕೆಮ್ಮು ಎದ್ದಿತು. ಅವರು ಒಂದು ಸಲ 'ಆ ಪಕ್ಷಿಯು' ಎಂದು ಬದಲಿಸಿ ನೋಡಿದರು, ಕೆಮ್ಮು ಹೆಚ್ಚಾಯಿತು. ಆಮೇಲೆ ಕರ್ತನು ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ಅದೇ ಪೇತ್ರನನ್ನು ಊಟಕ್ಕೆ ಕರೆದದ್ದನ್ನು ಹೇಳಿದರು. "ಹಿಂದಿನದನ್ನು ಎತ್ತಿ ಆಡಲಿಲ್ಲ, ಬಾ, ಉಣ್ಣು ಎಂದ," ಎಂದು ಹೇಳಿ ಪಾದ್ರಿಗಳು ಹಿಂದಿನ ಬೆಂಚಿನ ಕಡೆ ನೋಡಿದರು. ಆ ಹೊತ್ತಿಗೆ ಸರಿಯಾಗಿ ಹೊರಗೆ ಒಂದು ಕೋಳಿ ಕೂಗಿತು ಎಂದು ಬರೆಯಲು ನನಗೂ ಆಸೆ. ಆದರೆ ಕೂಗಲಿಲ್ಲ. ಸೋತದ್ದು ಇವರ ಹೊಟ್ಟೆ ಸೇರಿ ವರ್ಷವಾಗಿತ್ತು, ಗೆದ್ದದ್ದು ನಮ್ಮ ಮನೆಯಲ್ಲಿ ಬುಟ್ಟಿಯಡಿ ಇತ್ತು.

ಅಬ್ರಹಾಮ ಮೇಸ್ಟ್ರು ಎದ್ದು, ಅನುಮತಿ ಇಲ್ಲದವರು ಈಗ ಹೊರಗೆ ಹೋಗಬಹುದು ಎಂದರು. ಹಿಂದೆ ಮಾವ ಎದ್ದ. ನನ್ನ ಹೆಗಲ ಮೇಲೆ ಭಾರ ಬಿತ್ತು: ಅಜ್ಜಿಯೂ ಎದ್ದಿದ್ದಳು. ಎಲ್ಲರ ಎದುರು, ನಡುವಿನ ದಾರಿಯಲ್ಲಿ ಮೆಲ್ಲಗೆ ನಡೆದು, ಎದ್ದು ನಿಂತಿದ್ದ ಮಾವನನ್ನು ಕೈ ಹಿಡಿದು ಕೂರಿಸಿ, ಹಿಂದಿನ ಬೆಂಚಿನಲ್ಲಿ ಅವನ ಪಕ್ಕ ಕುಳಿತಳು. ಹೆಂಗಸು ಗಂಡಸರ ಕಡೆ ಕುಳಿತದ್ದೇ ಆ ಚರ್ಚಿನಲ್ಲಿ ಮೊದಲು.

"ಹನ್ನಮ್ಮ, ಅಲ್ಲಿ ಎಂತಕ್ಕೆ?" ಎಂದರು ಮೇಸ್ಟ್ರು.

"ಕೋಳಿಯ ಗಾಯ ನೋಡಿಯೂ ಬೇಯಿಸಿದವಳು ನಾನು ಮೇಸ್ಟ್ರೇ. ಇವ ಅದನ್ನು ತಂದ, ಅಷ್ಟೇ. ಕಾಯಿ ಅರೆದವಳು, ಮೆಣಸು ಹುರಿದವಳು ನಾನು. ನನಗೆ ಎಷ್ಟು ತಿಂಗಳು ಅಂತ ಬೇಗ ಹೇಳಿ, ಹೆಚ್ಚು ಇಲ್ಲ ನನ್ನ ಹತ್ತಿರ."

ಹಿರಿಯರ ಸಾಲಿನಿಂದ ಜಕರೀಯ ಎದ್ದರು. "ನಾನು ಎರಡು ಸಲ ಹಾಕಿಸಿಕೊಂಡಿದ್ದೆ. ತುಂಡೇ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಹಿಂದೆ ಹೋಗಿ ಕುಳಿತರು. ಮನೆಕೂಟಕ್ಕೆ ಬಂದಿದ್ದ ನೆರೆಕರೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬೊಬ್ಬರೇ ಎದ್ದರು. ಅಂದು ನೆಂಟರ ಮನೆಗೆ ಹೋಗಿ ಊಟ ತಪ್ಪಿಸಿಕೊಂಡವರು ಮಾತ್ರ ಸ್ವಲ್ಪ ಬೇಸರದಿಂದ ಕುಳಿತಲ್ಲೇ ಕುಳಿತರು.

ಪಾದ್ರಿಗಳು ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಇಳಿದು ಬಂದರು. "ತಿನ್ನುವಾಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ," ಎಂದರು. "ಸ್ವಲ್ಪ ಸರೀರಿ." ಪಾದ್ರಿಗಳ ದೇಹ ಸಭೆಯ ಔತಣಗಳಿಗೆಲ್ಲ ಸಾಕ್ಷಿಯಾಗಿತ್ತು. ಅವರು ಕುಳಿತದ್ದೇ ತಡ, ಬೆಂಚಿನ ಒಂದು ಕಾಲು ಲಟಕ್ಕೆಂದಿತು. ಪಾಪಿಗಳೆಲ್ಲ ಒಬ್ಬರ ಮೇಲೊಬ್ಬರು ಜಾರಿ ನೆಲಕ್ಕೆ ಬಂದರು. ಅಜ್ಜಿ ಮಾವನ ಮಡಿಲಿಗೆ ಬಿದ್ದಳು.

ಮೊದಲು ನಕ್ಕದ್ದು ಯಾರು ಎಂದು ನನಗೆ ಗೊತ್ತಿಲ್ಲ. ಶುಭ ಶುಕ್ರವಾರ ನಗಬಾರದು. ಆದರೆ ಅಜ್ಜಿ ಕೆಮ್ಮುತ್ತ ಕೆಮ್ಮುತ್ತ ನಕ್ಕಳು, ಪಾದ್ರಿಗಳು ನೆಲದ ಮೇಲೆ ಕುಳಿತು ಕಣ್ಣೊರೆಸಿಕೊಂಡರು. "ಇನ್ನು ಕೂರಿಸುವುದಕ್ಕೆ ಬೆಂಚೂ ಇಲ್ಲ," ಎಂದರು. ಎದ್ದು ಹೋಗಿ ತಟ್ಟೆಯನ್ನೂ ಬಟ್ಟಲನ್ನೂ ಹಿಂದಕ್ಕೇ ತಂದರು. ಮೊದಲು ಮಾವನಿಗೆ ಕೊಟ್ಟರು, ಆಮೇಲೆ ಅವನ ತೋಳಿಗೆ ಒರಗಿದ್ದ ಅಜ್ಜಿಗೆ. ಈ ಸಲ ಅಜ್ಜಿ ಕೈ ಚಾಚಿದಳು.

ಹಿರಿಯರ ಸಾಲಿನಲ್ಲಿ ಅಬ್ರಹಾಮ ಮೇಸ್ಟ್ರು ಒಬ್ಬರೇ ಉಳಿದಿದ್ದರು. ಅವರು ಹಾಕಿಸಿಕೊಂಡದ್ದು ಬರೀ ಸಾರಲ್ಲವೇ? ನೆಟ್ಟಗೆ ಕುಳಿತು, ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಪಾದ್ರಿಗಳು ಅವರ ಹತ್ತಿರವೂ ತಟ್ಟೆ ಒಯ್ದರು. ಅವರು ತಲೆಯಾಡಿಸಿ ಬೇಡವೆಂದರು.

ಅಜ್ಜಿ ಆ ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡಳು. ಮಾವ ಬೆಂಚಿಗೆ ಹಲಸಿನ ಕಾಲು ಹಾಕಿಸಿದ. ಆದರೆ ಅದರ ಮೇಲೆ ಮತ್ತೆ ಯಾರನ್ನೂ ಕೂರಿಸಲು ಸಭೆಗೆ ಧೈರ್ಯ ಬರಲಿಲ್ಲ, ಯಾರ ಸರದಿ ಹೇಗೆ ಬರುತ್ತದೋ ಎಂದು. ಕೆಲವು ವರ್ಷದ ಮೇಲೆ ಅದನ್ನು ಸೌದೆಗೆ ಹಾಕುವುದರಲ್ಲಿದ್ದರು. ಮಾವ ಕೇಳಿ ತಲೆಯ ಮೇಲೆ ಹೊತ್ತುಕೊಂಡು ಬಂದು ಜಗಲಿಯಲ್ಲಿಟ್ಟ. ಮಾವನ ನಂತರ ಅದು ನನ್ನ ಪಾಲಿಗೆ ಬಂತು.

ಇನ್ನೊಂದು ದಿನದ ವಿಷಯ ಹೇಳಿ ಮುಗಿಸುತ್ತೇನೆ. ನಾನು ಆಗ ಟೀಚರಾಗಿದ್ದೆ. ಮಾವ ಇನ್ನೂ ಇದ್ದ. ಒಂದು ಮಧ್ಯಾಹ್ನ ಅಬ್ರಹಾಮ ಮೇಸ್ಟ್ರು ನಮ್ಮ ಅಂಗಳಕ್ಕೆ ಬಂದರು. ತುಂಬ ಮುದುಕರಾಗಿದ್ದರು. ಕೊಡೆ ಈಗ ತೋರಿಸಲು ಅಲ್ಲ, ಊರಿಕೊಳ್ಳಲು. ಕುರ್ಚಿ ತರುತ್ತೇನೆ ಎಂದರೂ ಕೇಳದೆ ಬೆಂಚಿನಲ್ಲಿ, ಹಲಸಿನ ಕಾಲಿನ ತುದಿಯಲ್ಲಿ, ಕುಳಿತರು. ಮಾವ ಇನ್ನೊಂದು ತುದಿಯಲ್ಲಿ ಕುಳಿತ. ಹೊಳೆಯ ಕಡೆಯ ಗಾಳಿ, ಮೀನಿನ ರೇಟು, ಎಲ್ಲ ಮಾತೂ ಆಯಿತು.

"ಎಲೀಷ," ಎಂದರು ಮೇಸ್ಟ್ರು ಕೊನೆಗೆ. "ಅವತ್ತು ಬರೀ ಸಾರಲ್ಲ ಮಾರಾಯ."

"ಗೊತ್ತುಂಟು ಮೇಸ್ಟ್ರೇ," ಎಂದ ಮಾವ. "ಬಡಿಸಿದ್ದು ನಾನೇ ಅಲ್ವಾ? ಕೋಳಿಯ ಕಾಲು ನಿಮಗೇ ಹಾಕಿದ್ದೆ."

ಮೇಸ್ಟ್ರು ಕೊಡೆಯನ್ನು ಬೆಂಚಿಗೆ ಒರಗಿಸಿಟ್ಟರು. "ಮತ್ತೆ ಒಂದು ವರ್ಷ ಯಾಕೆ ಹೇಳ್ಲಿಲ್ಲ? ಹೇಳಿದ್ದರೆ ನಾನು ಹೊರಗೆ ಕೂರುತ್ತಿದ್ದೆ, ನೀನು ಒಳಗೆ. ನಿನ್ನ ಅಮ್ಮ..."

"ಬಡಿಸಿದ ಮೇಲೆ ಲೆಕ್ಕ ಹೇಳ್ಬಾರ್ದು ಅಂತ ಅಮ್ಮನೇ ಹೇಳ್ತಿದ್ದಳು," ಎಂದ ಮಾವ. ಆಮೇಲೆ ಒಳಗಿದ್ದ ನನ್ನ ಕಡೆ ತಿರುಗಿ, "ಮಗೂ, ಮೇಸ್ಟ್ರಿಗೂ ಬಟ್ಟಲು ಇಡು, ಊಟದ ಹೊತ್ತಾಯ್ತು," ಎಂದ.

ಅಂದು ಮನೆಯಲ್ಲಿ ಕೋಳಿ ಇರಲಿಲ್ಲ, ಬಂಗುಡೆ ಸಾರು. ಇಬ್ಬರೂ ಬೆಂಚಿನ ಮೇಲೆಯೇ ಬಟ್ಟಲು ಇಟ್ಟುಕೊಂಡು ಕುಳಿತರು. ನಾನು ಸೌಟು ಹಿಡಿದು ಮೇಸ್ಟ್ರ ಮುಂದೆ ಬಗ್ಗಿ, ಮೀನು ಹಾಕಲೋ, ಸಾರು ಮಾತ್ರ ಸಾಕೋ ಎಂದು ಕೇಳಿದೆ. ನನ್ನ ನಾಲಗೆಯೂ ಅಷ್ಟೇನೂ ಒಳ್ಳೆಯದಲ್ಲ.

"ಮೀನು ಹಾಕು ಮಗಳೇ," ಎಂದರು ಮೇಸ್ಟ್ರು. ಹಾಕಿದೆ. ಅವರು ಬಟ್ಟಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನೊಂದು ಹಾಕಿದೆ.